ಕಡಲೆ ಹೊಲದ ಲೆಕ್ಕ

(ಗದಗ ಜಿಲ್ಲೆಯಲ್ಲಿ ನಡೆದ ಎನ್ನೆಸ್ಸೆಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆಯ, ವಿಶೇಷ ಶಿಬಿರದ ಮೊದಲ ದಿನದ ಉಪನ್ಯಾಸ)

ವೇದಿಕೆಯ ಮೇಲಿನ ಹಿರಿಯರೇ, ಎದುರಿಗೆ ಜಮಖಾನೆ ಮೇಲೆ ಕೂತಿರುವ ಶಿಬಿರಾರ್ಥಿಗಳೇ,

ಆಮಂತ್ರಣ ಪತ್ರಿಕೆಯಲ್ಲಿ ನನ್ನ ವಿಷಯ ‘ಸೇವೆಯಿಂದ ವಿಶ್ವ ಪೌರತ್ವದೆಡೆಗೆ’ ಅಂತ ಅಚ್ಚಾಗಿದೆ. ದೊಡ್ಡ ಮಾತು. ನಾನಂತೂ ಇವತ್ತಿನವರೆಗೆ ಪಾಸ್‌ಪೋರ್ಟ್ ಮಾಡಿಸಿದವನಲ್ಲ. ಹಾಗಾಗಿ ನನಗೆ ಗೊತ್ತಿರುವ ಒಂದು ಕೆರೆ, ಒಂದು ಕಡಲೆ ಹೊಲ, ನಮ್ಮ ಕಾಲೇಜಿನಲ್ಲಿ ಓದಿದ ಒಬ್ಬ ಹುಡುಗಿ, ಇಷ್ಟರ ಬಗ್ಗೆ ಮಾತ್ರ ಹೇಳುತ್ತೇನೆ.

ಎನ್ನೆಸ್ಸೆಸ್ ಶುರುವಾದದ್ದು ಗಾಂಧೀಜಿಯವರ ಜನ್ಮಶತಾಬ್ದಿ ವರ್ಷದಲ್ಲಿ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ. ಎರಡು ವರ್ಷಕ್ಕೆ 240 ಗಂಟೆ ಸೇವೆ, ಏಳು ದಿನದ ಒಂದು ಶಿಬಿರ, ಕೊನೆಗೆ ಸರ್ಟಿಫಿಕೇಟು. ಸರ್ಟಿಫಿಕೇಟಿಗಾಗಿಯೇ ಬಂದವರು ನಿಮ್ಮಲ್ಲೂ ಇದ್ದೀರಿ, ನಾಚಿಕೊಳ್ಳಬೇಡಿ. ಬಂದ ಕಾರಣಕ್ಕೂ ಉಳಿದ ಕಾರಣಕ್ಕೂ ಬಹಳ ಸಲ ಸಂಬಂಧವೇ ಇರುವುದಿಲ್ಲ.

ನಾನು ಕಾರ್ಯಕ್ರಮಾಧಿಕಾರಿಯಾದ ಮೊದಲ ವರ್ಷ ಒಂದು ಹಳ್ಳಿಯಲ್ಲಿ ನೂರು ಗುಂಡಿ ತೋಡಿ ನೂರು ಸಸಿ ನೆಟ್ಟೆವು. ಫೋಟೊ ತೆಗೆಸಿಕೊಂಡೆವು, ಪತ್ರಿಕೆಯಲ್ಲೂ ಬಂತು. ಮರುವರ್ಷ ಹೋದಾಗ ಗುಂಡಿಗಳಿದ್ದವು, ಸಸಿಗಳಿರಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ಅಜ್ಜಿಯೊಬ್ಬಳು ಕೇಳಿದಳು: “ಈ ಸಲಾನೂ ಅವ ಕುಣಿಯೊಳಗ ಹಚ್ತೀರೇನ್ರಿ ಸರ?” ವ್ಯಂಗ್ಯವೇನೂ ಇರಲಿಲ್ಲ ಅವಳ ದನಿಯಲ್ಲಿ. ಹೊಸ ಗುಂಡಿ ತೋಡುವ ಶ್ರಮ ನಮಗೆ ಉಳಿಯಲಿ ಅನ್ನುವ ಕಾಳಜಿ, ಅಷ್ಟೇ. ಅವತ್ತಿನಿಂದ ನಾನು ಶಿಬಿರದಲ್ಲಿ ಗುದ್ದಲಿ ಕೆಲಸ ಕಡಿಮೆ ಮಾಡಿಸಿ, ನೋಡುವ, ಕೇಳುವ, ಬರೆದಿಡುವ ಕೆಲಸ ಹೆಚ್ಚು ಮಾಡಿಸತೊಡಗಿದೆ.

ಹಾಗೆ ಮಾಗಡಿ ಕೆರೆಗೆ ಹೋದೆವು. ಶಿರಹಟ್ಟಿ ತಾಲ್ಲೂಕಿನ ಈ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬಿಳಿ ತಲೆ, ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿಗಳು. ಏಳು ಸಾವಿರ ಮೀಟರಿಗೂ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ.

ಮೊದಲ ದಿನದ ಎಣಿಕೆ ನಗೆಪಾಟಲಾಯಿತು. ಒಬ್ಬ ಐನೂರು ಅಂದ, ಪಕ್ಕದವನು ಸಾವಿರದ ಇನ್ನೂರು ಅಂದ. ನಾನೇ ಏಳುನೂರರ ಹತ್ತಿರ ಎಣಿಸುವಷ್ಟರಲ್ಲಿ ಎಮ್ಮೆಯೊಂದು ನೀರಿಗಿಳಿದು ಇಡೀ ಹಿಂಡು ಎದ್ದಿತು. ಎಣಿಸುವುದಕ್ಕೂ ಒಂದು ಪದ್ಧತಿಯಿದೆ: ಮೊದಲು ಹತ್ತು ಹಕ್ಕಿ ಎಣಿಸಿ, ಆ ಹತ್ತು ದುರ್ಬೀನಿನಲ್ಲಿ ಎಷ್ಟು ಜಾಗ ಹಿಡಿಯುತ್ತವೆ ಅಂತ ಕಣ್ಣಿಗೆ ಕೂರಿಸಿಕೊಳ್ಳಬೇಕು. ಆಮೇಲೆ ಹತ್ತು ಹತ್ತಾಗಿ ಸಾಗಬೇಕು. ಮೂರನೇ ದಿನದ ಹೊತ್ತಿಗೆ ನಮ್ಮವರ ಲೆಕ್ಕಗಳು ಒಂದಕ್ಕೊಂದು ಹತ್ತಿರ ಬಂದವು. ಏಷ್ಯಾದ ಹಲವು ದೇಶಗಳಲ್ಲಿ 1987ರಿಂದ ಪ್ರತಿ ಜನವರಿ ನೀರುಹಕ್ಕಿಗಳ ಗಣತಿ ನಡೆಯುತ್ತಿದೆ, ಎಣಿಸುವವರು ಬಹುಪಾಲು ಸಂಬಳವಿಲ್ಲದವರು. ನಾವೂ ಆ ಸಾಲಿಗೆ ಸೇರಿದೆವು.

ಒಂದು ಬೆಳಗ್ಗೆ ನಮ್ಮ ಹುಡುಗಿ ದುರ್ಬೀನಿನಿಂದ ಕಣ್ಣು ತೆಗೆಯದೆ, “ಸರ್, ಒಂದು ಹಕ್ಕಿ ಕೊರಳಿಗೆ ಏನೋ ಕಟ್ಟಿದ್ದಾರೆ” ಅಂದಳು. ಅದು ಹಕ್ಕಿಯ ಗುರುತಿಗಾಗಿ ಸಂಶೋಧಕರು ಹಾಕುವ ಕೊರಳಪಟ್ಟಿ. ಅಕ್ಷರ, ಅಂಕೆ ಬರೆದದ್ದು. ಹಕ್ಕಿ ಕೊರಳು ತಿರುಗಿಸುವವರೆಗೆ ಮುಕ್ಕಾಲು ಗಂಟೆ ಕಾದು ಓದಿದಳು. ಆ ಸಂಕೇತವನ್ನು ಮಂಗೋಲಿಯಾದ ಸಂಶೋಧಕರಿಗೆ ಮೇಲ್ ಮಾಡಿದಳು. ಮೂರು ಸಾಲಿನ ಇಂಗ್ಲಿಷಿಗೆ ಎರಡು ರಾತ್ರಿ ಹಿಡಿಯಿತು ಪಾಪ. ಉತ್ತರ ಬಂತು. ಬೇಸಿಗೆಯಲ್ಲಿ ಈ ಹಕ್ಕಿಗಳ ರೆಕ್ಕೆಗರಿ ಉದುರಿ ಕೆಲವು ವಾರ ಹಾರಲಾಗದೆ ಇರುತ್ತವೆ, ಆಗ ಹಿಡಿದು ಪಟ್ಟಿ ಕಟ್ಟುತ್ತಾರೆ. ಹಾಗೆ ಹಿಡಿಯುವ ಅಲ್ಲಿನ ಸರೋವರದ ದಂಡೆಗೆ ಕುರಿ, ಕುದುರೆ ಮೇಯಿಸುವವರೂ ಬರುತ್ತಾರೆ ಅಂತಲೂ ಬರೆದಿದ್ದರು.

ನಾವು ಹಿಗ್ಗಿ ಹೀರೇಕಾಯಿಯಾಗಿದ್ದೆವು. ಅದೇ ಸಂಜೆ ಹೊಲದ ದಾರಿಯಲ್ಲಿ ಒಬ್ಬ ಅಜ್ಜ ತಡೆದು ನಿಲ್ಲಿಸಿದ.

“ನಿಮ್ಮ ಹಕ್ಕಿ ರಾತ್ರಿ ನಮ್ಮ ಕಡ್ಲಿ ಮೇಯ್ದು ಹೋಗ್ಯಾವ ನೋಡ್ರಿ. ಎಣಸೂದಾದ್ರ ಅದನ್ನೂ ಎಣಸ್ರಿ.”

ಹೆಬ್ಬಾತು ಸೊಪ್ಪು, ಕಾಳು ತಿನ್ನುವ ಹಕ್ಕಿ. ಹಗಲು ಕೆರೆಯಲ್ಲಿ ಕೂತು, ರಾತ್ರಿ ಹೊಲಕ್ಕಿಳಿಯುತ್ತದೆ. ಎರಿಭೂಮಿಯಲ್ಲಿ ಹಿಂಗಾರಿ ಕಡಲೆ ಎಳೆಯದಾಗಿರುವಾಗಲೇ ಇವು ಬಂದಿಳಿಯುತ್ತವೆ. ಹುಡುಗಿ ಮರುದಿನ ಇನ್ನೊಂದು ನೋಟ್‌ಬುಕ್ ಶುರು ಮಾಡಿದಳು: ಯಾರ ಹೊಲ, ಯಾವ ರಾತ್ರಿ, ಎಷ್ಟು ಗುಂಟೆ. ಶಿಬಿರ ಮುಗಿದ ಮೇಲೂ ಭಾನುವಾರ ಬಸ್ ಹತ್ತಿ ಹೋಗುತ್ತಿದ್ದಳು. 240 ಗಂಟೆ ಯಾವತ್ತು ದಾಟಿತೋ ಅವಳಿಗೇ ಗೊತ್ತಿಲ್ಲ. ಆ ಲೆಕ್ಕ ಲಗತ್ತಿಸಿ ರೈತರ ಅರ್ಜಿ ಬರೆದುಕೊಟ್ಟಳು. ಪರಿಹಾರ ಬಂತೇ ಅಂತ ಕೇಳಬೇಡಿ. ಅರ್ಜಿ ಒಂದು ಕಚೇರಿಯ ಕಪಾಟಿನಲ್ಲಿ ಇನ್ನೂ ಇರಬೇಕು.

2024ರ ಜನವರಿಯಲ್ಲಿ ಮಾಗಡಿ ಕೆರೆ ರಾಮ್ಸರ್ ಪಟ್ಟಿಗೆ ಸೇರಿತು, ಅಘನಾಶಿನಿ ಅಳಿವೆ, ಅಂಕಸಮುದ್ರಗಳ ಜೊತೆಗೆ. ಕೆರೆ, ಅಳಿವೆಯಂಥ ಜೌಗು ಪ್ರದೇಶಗಳನ್ನು ಉಳಿಸಲು ಇರಾನಿನ ರಾಮ್ಸರ್ ಪಟ್ಟಣದಲ್ಲಿ 1971ರಲ್ಲಿ ಆದ ಒಪ್ಪಂದದ ಪಟ್ಟಿ ಅದು. ಕೆರೆ ಈಗ ಇಡೀ ಜಗತ್ತಿಗೆ ಬೇಕಾದದ್ದು ಅಂತ ಅರ್ಥ. ಸಂತೋಷ. ಆದರೆ ಜಗತ್ತಿನ ಅತಿಥಿಗೆ ಊಟ ಬಡಿಸುತ್ತಿರುವವನು ಎರಡೆಕರೆ ಕಡಲೆಯ ರೈತ. ಮಂಗೋಲಿಯಾಕ್ಕೆ ಮೇಲ್ ಬರೆದವಳಿಗೆ ವಿಶ್ವ ಪೌರಳೆಂಬ ಬಿರುದು ಸುಲಭವಾಗಿ ಸಿಗುತ್ತದೆ. ಅದೇ ಹುಡುಗಿ ಅಜ್ಜನ ಬದುವಿನ ಮೇಲೆ ಕೂತು ಬೈಸಿಕೊಂಡಳಲ್ಲ, ನನ್ನ ಲೆಕ್ಕದಲ್ಲಿ ಅದಕ್ಕೆ ಹೆಚ್ಚು ಅಂಕ.

ಅವಳು ಅಜ್ಜನಿಗೆ ಆ ಮೇಲ್ ಕನ್ನಡದಲ್ಲಿ ಓದಿ ಹೇಳಿದಳು. ಅಜ್ಜನ ಕಿವಿ ನೆಟ್ಟಗಾದದ್ದು ಒಂದೇ ಕಡೆ.

“ಅಲ್ಲೂ ಕುರಿ ಕಾಯವ್ರು ಅದಾರೇನವಾ? ಹಂಗಾರ ಅವರಿಗೆ ಬರಿ, ನಿಮ್ಮ ಹಕ್ಕಿ ನಮ್ಮ ಕಡ್ಲಿ ತಿಂದು ದಪ್ಪಾಗಿ ಬರಾಕತ್ತಾವ ಅಂತ.”

ಬರೆದಳು. ಕಡ್ಲಿ ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹಾಕಿದಳೋ ಕೇಳಲಿಲ್ಲ.

ನಾಳೆ ಬೆಳಗ್ಗೆ ಐದೂವರೆಗೆ ಬಸ್ ಹೊರಡುತ್ತದೆ. ಕೆಂಪು, ಹಳದಿ ಅಂಗಿ ಬೇಡ. ದಂಡೆಗೆ ಹತ್ತಿರ ಹೋಗಿ ಸೆಲ್ಫಿ ತೆಗೆದರೆ ಹಿಂಡು ಏಳುತ್ತದೆ, ಎಣಿಕೆ ಕೆಡುತ್ತದೆ. ವಾಪಸ್ ಬರುವಾಗ ಹೊಲದ ದಾರಿಯಲ್ಲೇ ಬರೋಣ. ಅಜ್ಜ ಈ ವರ್ಷವೂ ಕಡಲೆಯನ್ನೇ ಬಿತ್ತಿದ್ದಾನಂತೆ. ಕಂಡರೆ ಮೊದಲು ನಮಸ್ಕಾರ ಹೇಳಿ, ಬೆಳೆ ಹೇಗಿದೆ ಕೇಳಿ. ಹಕ್ಕಿಯ ಮಾತು ಅವನೇ ಎತ್ತುತ್ತಾನೆ.