ಹುಲಿಗೆಮ್ಮನ ಹುಂಡಿಯನ್ನು ಸರ್ಕಾರ ಏಕೆ ಎಣಿಸುತ್ತದೆ?

ವೀಕ್ಷಕರಿಗೆ ನಮಸ್ಕಾರ. ಕೊಪ್ಪಳ ಜಿಲ್ಲೆಯ ಹುಲಿಗಿಯಲ್ಲಿ ಹುಂಡಿ ಎಣಿಕೆಯಾದ ಸುದ್ದಿ ಬಂದಾಗಲೆಲ್ಲ ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯ ವೀಕ್ಷಕರು ನಮ್ಮನ್ನು ಒಂದೇ ಪ್ರಶ್ನೆ ಕೇಳುತ್ತಾರೆ: ಭಕ್ತರು ಅಮ್ಮನಿಗೆ ಒಪ್ಪಿಸಿದ ಕಾಣಿಕೆಯನ್ನು ಎಣಿಸಲು ಸರ್ಕಾರಿ ಅಧಿಕಾರಿಗಳು ಏಕೆ ಬರಬೇಕು?

(ದೃಶ್ಯ: ಹುಂಡಿ ಎಣಿಕೆ)

ಜಮಖಾನದ ಮೇಲೆ ಸುರಿದ ರಾಶಿಯಲ್ಲಿ ಅರಿಶಿನ, ಕುಂಕುಮ ಮೆತ್ತಿಕೊಂಡ ನೋಟುಗಳನ್ನು ಬಿಡಿಸಿ, ಮುಖಬೆಲೆಗೆ ತಕ್ಕಂತೆ ಕಟ್ಟು ಕಟ್ಟಿ, ಬ್ಯಾಂಕಿನವರಿಗೆ ಒಪ್ಪಿಸುವ ಕೆಲಸ ಇದು. ನಡುನಡುವೆ ಬೆಳ್ಳಿಯ ಕಣ್ಣು, ತೊಟ್ಟಿಲು, ಮಡಿಸಿದ ಹರಕೆ ಚೀಟಿಗಳೂ ಸಿಗುತ್ತವೆ. ಕಾಣಿಕೆ ಹಾಕುವುದು ಭಕ್ತಿ, ಎಣಿಸಿ ಲೆಕ್ಕ ಬರೆಯುವುದು ಆಡಳಿತ, ಇವೆರಡರ ನಡುವೆ ಗೆರೆ ಎಲ್ಲಿ ಎಂಬುದೇ ಇಂದಿನ ವಿಷಯ. ಸಂವಿಧಾನದ 25ನೇ ವಿಧಿ ವ್ಯಕ್ತಿಗೆ ಧಾರ್ಮಿಕ ಸ್ವಾತಂತ್ರ್ಯ ಕೊಡುತ್ತದೆ, ಜೊತೆಗೆ ಧರ್ಮಕ್ಕೆ ಅಂಟಿಕೊಂಡ ಹಣಕಾಸಿನ ವ್ಯವಹಾರವನ್ನು ನಿಯಂತ್ರಿಸಲು ಸರ್ಕಾರಕ್ಕೂ ಅವಕಾಶ ಕೊಡುತ್ತದೆ. 26ನೇ ವಿಧಿ ಪಂಥಗಳಿಗೆ ತಮ್ಮ ಧಾರ್ಮಿಕ ವಿಚಾರಗಳನ್ನು ತಾವೇ ನಡೆಸಿಕೊಳ್ಳುವ ಹಕ್ಕು ನೀಡುತ್ತದೆ. ಪಠ್ಯಪುಸ್ತಕದ ಮಾತು ಇಷ್ಟು ಸಾಕು.

ನಮ್ಮ ಭಾಗದ ಇತಿಹಾಸ ಇನ್ನೂ ಸ್ವಾರಸ್ಯಕರವಾಗಿದೆ. ಬಳ್ಳಾರಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು, ರಾಯಚೂರು ಮತ್ತು ಕೊಪ್ಪಳ ನಿಜಾಮರ ಸೀಮೆಯಲ್ಲಿದ್ದವು. ಬಳ್ಳಾರಿ 1953ರಲ್ಲಿ ಮೈಸೂರಿಗೆ ಬಂತು, ರಾಯಚೂರು 1956ರಲ್ಲಿ ಬಂತು, ಆದರೆ ದೇವಸ್ಥಾನಗಳ ಹಳೆಯ ಕಾನೂನುಗಳು ಆಯಾ ಸೀಮೆಯಲ್ಲಿಯೇ ಉಳಿದುಕೊಂಡವು. ಹೀಗಾಗಿ ತುಂಗಭದ್ರೆಯ ಬಲದಂಡೆಯಲ್ಲಿ, ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದ ಹಂಪಿಯ ವಿರೂಪಾಕ್ಷನಿಗೆ 1951ರ ಮದ್ರಾಸ್ ಕಾಯ್ದೆ ಅನ್ವಯವಾಗುತ್ತಿತ್ತು, ಎಡದಂಡೆಯ ಹುಲಿಗೆಮ್ಮನಿಗೆ ಹೈದರಾಬಾದ್ ಸಂಸ್ಥಾನದ ನಿಯಮಗಳು ಅನ್ವಯವಾಗುತ್ತಿದ್ದವು. ಬೆಳಿಗ್ಗೆ ವಿರೂಪಾಕ್ಷನಿಗೆ ಕಾಯಿ ಒಡೆಸಿ, ಹೊಳೆ ದಾಟಿ ಸಂಜೆ ಅಮ್ಮನಿಗೆ ಉಡಿ ತುಂಬಿದ ಭಕ್ತರ ಕಾಣಿಕೆ ಒಂದೇ ದಿನದಲ್ಲಿ ಎರಡು ಕಾನೂನುಗಳ ಲೆಕ್ಕಕ್ಕೆ ಸೇರುತ್ತಿತ್ತು. ಇಡೀ ರಾಜ್ಯಕ್ಕೆ ಒಂದೇ ಕಾಯ್ದೆ ಎಂದು ರೂಪಿಸಿದ 1997ರ ಧಾರ್ಮಿಕ ಸಂಸ್ಥೆಗಳು ಮತ್ತು ಧರ್ಮಾದಾಯ ದತ್ತಿಗಳ ಅಧಿನಿಯಮ ಜಾರಿಗೆ ಬಂದದ್ದು 2003ರಲ್ಲಿ.

ಬಳ್ಳಾರಿಗೂ ಅನ್ವಯವಾಗುತ್ತಿದ್ದ ಆ ಮದ್ರಾಸ್ ಕಾಯ್ದೆಯನ್ನು ಪ್ರಶ್ನಿಸಿದವರು ಉಡುಪಿಯ ಶಿರೂರು ಮಠದ ಸ್ವಾಮಿಗಳು. ಉಡುಪಿ ಕೃಷ್ಣನ ಪೂಜೆಯ ಸರದಿಯಾದ ಪರ್ಯಾಯದ ಖರ್ಚಿನಿಂದ ಮಠ ಸಾಲಕ್ಕೆ ಬಿದ್ದಾಗ ಸರ್ಕಾರದ ಇಲಾಖೆ ಆಡಳಿತದಲ್ಲಿ ಕೈಹಾಕಿತು, ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು, 1954ರಲ್ಲಿ ತೀರ್ಪು ಬಂತು. ನಾನು ಈ ವಿಡಿಯೋ ಮಾಡಲು ಆ ತೀರ್ಪಿನ ನೈವೇದ್ಯದ ಉದಾಹರಣೆಯೇ ಮುಖ್ಯ ಕಾರಣ. ದೇವರಿಗೆ ಇಂಥ ಹೊತ್ತಿಗೆ ಇಂಥ ನೈವೇದ್ಯ ಆಗಬೇಕು ಎಂದು ಒಂದು ಪಂಥದ ಶಾಸ್ತ್ರ ಹೇಳಿದರೆ, ಅದಕ್ಕೆ ದುಡ್ಡು ಖರ್ಚಾಗುತ್ತದೆ, ಅಡುಗೆಯವರು ಬೇಕಾಗುತ್ತಾರೆ ಎಂಬ ಕಾರಣಕ್ಕೆ ಅದು ಲೌಕಿಕ ವ್ಯವಹಾರವಾಗುವುದಿಲ್ಲ, ಅದು ಧರ್ಮದ ಭಾಗವೇ ಎಂದಿತು ನ್ಯಾಯಾಲಯ. ಆದರೆ ಆ ಆಚರಣೆಗೆ ಎಷ್ಟು ಖರ್ಚು ಮಾಡಬೇಕು ಎಂಬುದು ಆಸ್ತಿಯ ನಿರ್ವಹಣೆಗೆ ಸೇರಿದ ಮಾತಾದ್ದರಿಂದ ಅದನ್ನು ಕಾನೂನು ನಿಯಂತ್ರಿಸಬಹುದು ಎಂದೂ ಹೇಳಿತು. ಅಂದರೆ ನೈವೇದ್ಯ ಆಗಬೇಕೇ ಬೇಡವೇ ಎಂದು ಅಧಿಕಾರಿ ಹೇಳುವಂತಿಲ್ಲ, ಅಕ್ಕಿ ಬೇಳೆಯ ರಸೀದಿಯನ್ನು ಮಾತ್ರ ಕೇಳಬಹುದು. ಅಧಿಕಾರಿಗಳು ಯಾವಾಗ ಬೇಕಾದರೂ ಗರ್ಭಗುಡಿಗೆ ಪ್ರವೇಶಿಸಬಹುದು ಎನ್ನುವಂತಿದ್ದ ಕಲಮನ್ನೂ, ಶೇ 5ರವರೆಗೆ ವಂತಿಗೆ ವಸೂಲು ಮಾಡುವ ಕಲಮನ್ನೂ ನ್ಯಾಯಾಲಯ ರದ್ದುಪಡಿಸಿತು. ವಂತಿಗೆ ಎಂದು ಕರೆದರೂ ಅದು ತೆರಿಗೆಯೇ ಎಂಬುದು ನ್ಯಾಯಾಲಯದ ನಿಲುವಾಗಿತ್ತು. ಎಪ್ಪತ್ತು ವರ್ಷಗಳ ಹಿಂದಿನ ಈ ಗೆರೆಗಿಂತ ಸ್ಪಷ್ಟವಾದ ಗೆರೆಯನ್ನು ನಾನು ಕಂಡಿಲ್ಲ.

ಹಾಗಾದರೆ ಗುಡಿಯೊಳಗಿನ ಎಲ್ಲ ಆಚರಣೆಗೂ ಸರ್ಕಾರ ಕೈಕಟ್ಟಿ ಕೂರಬೇಕೇ? ಇಲ್ಲ. ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಿಡುತ್ತಿದ್ದ ದೇವದಾಸಿ ಪದ್ಧತಿಗೆ ನಮ್ಮ ಮೂರೂ ಜಿಲ್ಲೆಗಳ ಬಡ ದಲಿತ ಕುಟುಂಬಗಳು ತೆತ್ತ ಬೆಲೆ ದೊಡ್ಡದು. 1982ರಲ್ಲಿ ಅದನ್ನು ನಿಷೇಧಿಸಿದ ಕಾಯ್ದೆಯನ್ನು ಧಾರ್ಮಿಕ ಸ್ವಾತಂತ್ರ್ಯದ ಮೇಲಿನ ದಾಳಿ ಎಂದು ಯಾರಾದರೂ ಕರೆದರೆ ನಾನು ಒಪ್ಪುವುದಿಲ್ಲ. ಮುತ್ತು ಕಟ್ಟಿಸಿಕೊಂಡ ಹುಡುಗಿಯ ಸ್ವಾತಂತ್ರ್ಯವೂ ಸ್ವಾತಂತ್ರ್ಯವೇ.

ಸಮಯ ಕಡಿಮೆ ಇರುವುದರಿಂದ ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. 2006ರಲ್ಲಿ ಹೈಕೋರ್ಟ್ 1997ರ ಕಾಯ್ದೆಯನ್ನೇ ರದ್ದುಪಡಿಸಿತು. ಮಠಗಳನ್ನು ಹೊರಗಿಟ್ಟು ದೇವಸ್ಥಾನಗಳನ್ನು ಮಾತ್ರ ಹಿಡಿದದ್ದು ತಾರತಮ್ಯ ಎಂಬುದು ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು. ಸುಪ್ರೀಂ ಕೋರ್ಟ್ ತಡೆ ನೀಡಿದ್ದರಿಂದ ಕಾಯ್ದೆ ಉಳಿಯಿತು. 2024ರ ಫೆಬ್ರುವರಿಯಲ್ಲಿ, ವರ್ಷಕ್ಕೆ ಒಂದು ಕೋಟಿ ರೂಪಾಯಿ ಮೀರಿದ ಆದಾಯವಿರುವ ದೇವಸ್ಥಾನಗಳಿಂದ ಶೇ 10ನ್ನು ಸಾಮಾನ್ಯ ಸಂಗ್ರಹಣಾ ನಿಧಿಗೆ ಪಡೆಯುವ ಮಸೂದೆ ವಿಧಾನ ಪರಿಷತ್ತಿನಲ್ಲಿ ಬಿದ್ದು, ವಿಧಾನಸಭೆಯಲ್ಲಿ ಮತ್ತೆ ಅಂಗೀಕಾರವಾಯಿತು. ಈ ಹಣ ಬೇರೆ ಧರ್ಮಗಳಿಗೆ ಹೋಗುತ್ತದೆ ಎಂದು ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವ ಮಾತು ತಪ್ಪು, ಆ ನಿಧಿ ಇರುವುದು ಆದಾಯವಿಲ್ಲದ ಹಿಂದೂ ದೇವಸ್ಥಾನಗಳಿಗಾಗಿ, ಅವುಗಳ ಅರ್ಚಕರಿಗಾಗಿ. ಮುಸ್ಲಿಮರ ವಕ್ಫ್ ಆಸ್ತಿಗೂ ಪ್ರತ್ಯೇಕ ಕಾಯ್ದೆ ಇದೆ, ಅದರ 2025ರ ತಿದ್ದುಪಡಿಯ ಕೆಲವು ಅಂಶಗಳಿಗೆ ಸುಪ್ರೀಂ ಕೋರ್ಟ್ ಅದೇ ವರ್ಷ ತಡೆ ನೀಡಿತು. ಅಲ್ಲಿಯೂ ವಾದ ಇದೇ ಗೆರೆಯ ಸುತ್ತ ನಡೆದಿದೆ.

ಲೆಕ್ಕ ಕೇಳುವ ಸರ್ಕಾರವನ್ನು ನಾನು ವಿರೋಧಿಸುವುದಿಲ್ಲ, ಆದರೆ ಭಕ್ತರಿಗೆ ಲೆಕ್ಕ ಕೊಡದ ಇಲಾಖೆಯನ್ನು ಒಪ್ಪುವುದೂ ಇಲ್ಲ. ಹುಂಡಿಯಲ್ಲಿ ಎಷ್ಟು ಬಂತು ಎಂಬುದು ಪತ್ರಿಕೆಗಳಲ್ಲಿ ಬರುತ್ತದೆ, ಅದು ಯಾವುದಕ್ಕೆ ಖರ್ಚಾಯಿತು ಎಂಬ ಪಟ್ಟಿಯೂ ಅಷ್ಟೇ ಸುಲಭವಾಗಿ ಗುಡಿಯ ಗೋಡೆಯ ಮೇಲೆ ಕಾಣಬೇಕು. ಅಲ್ಲಿಯವರೆಗೆ ನಿಮ್ಮ ಊರಿನ ಮುಜರಾಯಿ ದೇವಸ್ಥಾನದ ಆದಾಯ ಮತ್ತು ಖರ್ಚಿನ ವಿವರವನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ಕರ್ನಾಟಕದ ನಿಯಮದಂತೆ ಅರ್ಜಿ 150 ಪದಗಳೊಳಗೆ ಇರಬೇಕು, ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು.