ಬಾಡಿಗೆಯವರು ಖಾಲಿ ಮಾಡಲ್ಲ ಅಂದಾಗ: ಶಿಕಾಗೋದ ರಿಲಯನ್ಸ್ ಬಿಲ್ಡಿಂಗ್ ಕತೆ

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಮೈಕ್ ಕೇಳಿಸ್ತಿದೆಯಾ? ಸರಿ. ಮೊದಲೇ ಹೇಳಿಬಿಡ್ತೀನಿ, ನಾನು ಆರ್ಕಿಟೆಕ್ಟ್ ಅಲ್ಲ, ಹಿಸ್ಟರಿ ಮೇಷ್ಟ್ರೂ ಅಲ್ಲ, ದಿನಾ ಟ್ರೈನ್ ಇಳಿದು ಆಫೀಸಿಗೆ ನಡೀತಾ ನಡೀತಾ ಒಂದೇ ಒಂದು ಬಿಲ್ಡಿಂಗ್ ನೋಡಿ ತಲೆ ಕೆಡಿಸ್ಕೊಂಡವನು, ಅಷ್ಟೇ. ನಮ್ಮ ಕೂಟದ ಕಾರ್ಯದರ್ಶಿಗಳು "ಏನಾದ್ರೂ ಮಾತಾಡಿ" ಅಂದ್ರು, ನಾನು ಇದನ್ನೇ ಮಾತಾಡೋದು ಅಂದೆ.

ಡೌನ್‌ಟೌನ್‌ನಲ್ಲಿ ಸ್ಟೇಟ್ ಸ್ಟ್ರೀಟು, ವಾಶಿಂಗ್ಟನ್ ಸ್ಟ್ರೀಟು ಸೇರೋ ಮೂಲೆ ನಿಮಗೆಲ್ಲ ಗೊತ್ತು. ಒಂದು ಮೂಲೇಲಿ ಮೇಸೀಸ್ ಅನ್ನೋ ದೊಡ್ಡ ಅಂಗಡಿ ಇದೆ, ಹಳಬರಿಗೆ ಅದು ಮಾರ್ಷಲ್ ಫೀಲ್ಡ್ಸ್. ಅದಕ್ಕೆ ಓರೆಯಾಗಿ ಎದುರಿಗೆ ಬೆಳ್ಳಗೆ, ತೆಳ್ಳಗೆ, ಮೈಯೆಲ್ಲ ಕಿಟಕಿಯಾಗಿ ನಿಂತಿದೆಯಲ್ಲ, ಅದೇ ರಿಲಯನ್ಸ್ ಬಿಲ್ಡಿಂಗ್. ರಿಲಯನ್ಸ್ ಅಂದ ತಕ್ಷಣ ಅಂಬಾನಿ ಕಡೆ ಹೋಗ್ಬೇಡಿ, ಇದು ಧೀರೂಭಾಯಿ ಹುಟ್ಟೋಕ್ ಮುಂಚಿನ ವ್ಯವಹಾರ. ಈಗ ಅದು ಬೂಟಿಕ್ ಹೋಟೆಲ್. ಹೋಟೆಲ್ ಅಂದ್ರೆ ನಮ್ಮೂರಿನ ಇಡ್ಲಿ ವಡೆ ಹೋಟೆಲ್ ಅಲ್ಲ ಮತ್ತೆ, ಉಳ್ಕೊಳ್ಳೋ ಹೋಟೆಲ್. ಆದ್ರೆ ಕಟ್ಟಿದ್ದು ಆಫೀಸಿಗೆ, ಸೇರ್ಕೊಂಡಿದ್ದು ಹೆಚ್ಚಾಗಿ ಡಾಕ್ಟ್ರು, ಡೆಂಟಿಸ್ಟ್‌ಗಳು.

ಶುರು ಎಲ್ಲಿಂದ ಅಂದ್ರೆ ಒಬ್ಬ ಓನರ್‌ನಿಂದ. ವಿಲಿಯಂ ಹೇಲ್ ಅಂತ, ಲಿಫ್ಟ್ ವ್ಯಾಪಾರ, ಹೈಡ್ರಾಲಿಕ್ ಲಿಫ್ಟ್ ಮಾರಿ ದುಡ್ಡು ಮಾಡಿದ ಮನುಷ್ಯ. ಲಿಫ್ಟ್ ಮಾರೋನಿಗೆ ಬಿಲ್ಡಿಂಗ್ ಎತ್ತರ ಆದಷ್ಟೂ ಒಳ್ಳೇದು ಅಲ್ವಾ? 1880ರ ದಶಕದಲ್ಲಿ ಈ ಮೂಲೆ ಸೈಟ್ ತಗೊಂಡ. ಸೈಟ್ ಏನು ಭಾರೀ ದೊಡ್ಡದಲ್ಲ, ಸುಮಾರು 56 ಅಡಿಗೆ 85 ಅಡಿ, ನಮ್ಮ ಜಯನಗರದಲ್ಲಿ ಅಷ್ಟಗಲದ ಮನೆಗಳಿವೆ. ಅದರ ಮೇಲೆ ಹಿಂದೆ ಒಂದು ಬ್ಯಾಂಕ್ ಇದ್ದ ಹಳೇ ಕಟ್ಟಡ. ಒಡೆದು ದೊಡ್ಡದು ಕಟ್ಟೋಣ ಅಂದ್ರೆ ಮೇಲಿನ ಮಹಡಿಯ ಬಾಡಿಗೆಯವರು ಖಾಲಿ ಮಾಡಲ್ಲ ಅಂದ್ರು. ಅವರ ಅಗ್ರಿಮೆಂಟ್ ಇದ್ದಿದ್ದು 1894ರ ಮೇ 1ರ ತನಕ!

ನಮ್ಮಲ್ಲಾಗಿದ್ರೆ ನೀರು ನಿಲ್ಲಿಸೋದು, ಕರೆಂಟ್ ಕಟ್ ಮಾಡೋದು, ಕೊನೆಗೆ ಕೋರ್ಟಲ್ಲಿ ಇಪ್ಪತ್ತು ವರ್ಷ. ಹೇಲ್ ಮಾಡಿದ್ದು ಬೇರೆ. ಮೇಲಿನ ಮಹಡಿಗಳನ್ನ, ಒಳಗೆ ಜನ ಇದ್ದ ಹಾಗೇ, ಸ್ಕ್ರೂ ಜಾಕ್ ಮೇಲೆ ಎತ್ತಿ ನಿಲ್ಲಿಸಿಬಿಟ್ಟ. ಕೆಳಗಿನ ಮಹಡಿ ಒಡೆದು, ಅಡಿಯಲ್ಲಿ ಹೊಸ ಪಾಯ ಹಾಕಿಸಿ, ಹೊಸ ನೆಲಮಹಡಿ ಕಟ್ಟಿಸಿದ. ಮೇಲೆ ಯಾರೋ ಲೆಕ್ಕ ಬರೀತಾ ಕೂತಿದ್ದಾರೆ, ಕೆಳಗೆ ಪಾಯ ತೋಡ್ತಾ ಇದ್ದಾರೆ, ಯೋಚನೆ ಮಾಡಿ! ನಂಬಿಕೆ ಬರಲ್ಲ ಅನ್ಸುತ್ತೆ, ಆದ್ರೆ ಶಿಕಾಗೋದವರಿಗೆ ಜಾಕ್ ಹೊಸದೇನಲ್ಲ, ಊರು ಜವುಗು ಅಂತ 1850, 60ರ ದಶಕದಲ್ಲಿ ಬೀದಿಗಟ್ಟಲೆ ಬಿಲ್ಡಿಂಗ್ ಎತ್ತಿದ ಜನ ಅವರು, 1861ರಲ್ಲಿ ಟ್ರೆಮಾಂಟ್ ಹೌಸ್ ಅನ್ನೋ ಹೋಟೆಲನ್ನ ಒಳಗೆ ಗಿರಾಕಿಗಳಿದ್ದ ಹಾಗೇ ಎತ್ತಿದ್ರು.

ಈ ಪಾಯ, ನೆಲಮಹಡಿ ಡಿಸೈನ್ ಮಾಡಿದ್ದು ಜಾನ್ ರೂಟ್, ಬರ್ನಮ್ ಅಂಡ್ ರೂಟ್ ಕಂಪನಿಯವನು. ಇಬ್ಬರಲ್ಲಿ ಬರ್ನಮ್ ಬಿಸಿನೆಸ್ ನೋಡ್ಕೊಳ್ಳೋನು, ರೂಟ್ ಡಿಸೈನ್ ಮಾಡೋನು. 1891ರ ಜನವರೀಲಿ ವರ್ಲ್ಡ್ಸ್ ಫೇರ್, ಅಂದ್ರೆ 1893ರಲ್ಲಿ ಇಲ್ಲಿ ನಡೆದ ವಿಶ್ವ ಪ್ರದರ್ಶನದ ಪ್ಲ್ಯಾನ್‌ಗೆ ಅಂತ ಬೇರೆ ಊರಿನ ಆರ್ಕಿಟೆಕ್ಟ್‌ಗಳೆಲ್ಲ ಬಂದಿದ್ದಾಗ ರೂಟ್‌ಗೆ ನ್ಯುಮೋನಿಯಾ ಆಯ್ತು, 15ನೇ ತಾರೀಖು ತೀರ್ಕೊಂಡ. ವಯಸ್ಸು ಬರೀ 41. ಇಲ್ಲಿನ ಜನವರಿ ಏನು ಅಂತ ನಿಮಗೆ ನಾನು ಹೇಳಬೇಕಾ.

ಹೊಸ ನೆಲಮಹಡಿಗೆ ಕಾರ್ಸನ್ ಪಿರಿ ಸ್ಕಾಟ್ ಅಂಗಡಿ ಬಂತು. ಮೇಲೆ ಮಾತ್ರ ಅದೇ ಹಳೇ ಮಹಡಿಗಳು, ಅದೇ ಬಾಡಿಗೆಯವರು. 1893ರ ಸೆಪ್ಟೆಂಬರ್ 11ಕ್ಕೆ ವಿವೇಕಾನಂದರು ಇಲ್ಲಿಂದ ಕೆಲವೇ ಬ್ಲಾಕ್ ದೂರದಲ್ಲಿ, ಈಗಿನ ಆರ್ಟ್ ಇನ್‌ಸ್ಟಿಟ್ಯೂಟ್ ಕಟ್ಟಡದಲ್ಲಿ ಭಾಷಣ ಮಾಡಿದ್ರಲ್ಲ, ಆವತ್ತೂ ಈ ಮೂಲೇಲಿ ಹೊಸ ಪಂಚೆ ಮೇಲೆ ಹಳೇ ಅಂಗಿ ಹಾಕ್ಕೊಂಡ ಹಾಗೆ ಈ ಬಿಲ್ಡಿಂಗ್ ನಿಂತಿತ್ತು. ಅವರು ಈ ಕಡೆ ಬಂದು ನೋಡಿದ್ರಾ ಅಂತ ಕೇಳ್ಬೇಡಿ.

ಕೊನೆಗೆ 1894ರ ಮೇ ಬಂತು, ಬಾಡಿಗೆಯವರು ಹೋದ್ರು, ಕೆಲಸ ಮತ್ತೆ ಶುರುವಾಯ್ತು. ಈ ಸಲ ಡಿಸೈನ್ ಚಾರ್ಲ್ಸ್ ಆಟ್‌ವುಡ್‌ದು, ಇಂಜಿನಿಯರ್ ಎಡ್ವರ್ಡ್ ಶಾಂಕ್‌ಲ್ಯಾಂಡ್. ಮೇಲಿನ 10 ಮಹಡಿಯ ಉಕ್ಕಿನ ಚೌಕಟ್ಟು ಎದ್ದು ನಿಂತಿದ್ದು 15 ದಿನದಲ್ಲಿ. ಒಂದೊಂದು ಕಂಬವೂ ಎರಡು ಮಹಡಿ ಉದ್ದ, ಜಾಯಿಂಟ್‌ಗಳೆಲ್ಲ ಒಂದೇ ಮಟ್ಟದಲ್ಲಿ ಬರದ ಹಾಗೆ ಒಂದು ಬಿಟ್ಟು ಒಂದು, ಇಟ್ಟಿಗೆ ಕಟ್ಟೋವಾಗ ಸಂದು ತಪ್ಪಿಸ್ತೀವಲ್ಲ ಹಾಗೆ. ಯಾಕಂದ್ರೆ ಈ ಊರಿನ ಗಾಳಿಗೆ ತೆಳ್ಳನೆ ಬಿಲ್ಡಿಂಗ್ ಅಲ್ಲಾಡಬಾರದು. 1895ರ ಮಾರ್ಚ್‌ನಲ್ಲಿ ಓಪನ್ ಆಯ್ತು, 14 ಮಹಡಿ, ಹತ್ತತ್ರ 200 ಅಡಿ.

ಇದರಲ್ಲಿ ಏನು ವಿಶೇಷ ಅಂದ್ರೆ, ಚಪ್ಪರ ನೆನಪು ಮಾಡ್ಕೊಳ್ಳಿ. ಚಪ್ಪರದಲ್ಲಿ ಭಾರ ಹೊರೋದು ಕಂಬ, ಪಕ್ಕಕ್ಕೆ ಕಟ್ಟಿದ ತೆಂಗಿನ ಗರಿ ಏನೂ ಹೊರಲ್ಲ, ಬರೀ ಮರೆಗೆ. ಇಲ್ಲೂ ಹಾಗೇ, ಭಾರ ಎಲ್ಲ ಉಕ್ಕಿನ ಕಂಬದ್ದು, ಹೊರಗಿನ ಗೋಡೆ ಗರಿ ಇದ್ದ ಹಾಗೆ. ಗೋಡೆ ಭಾರ ಹೊರಬೇಕಾಗಿಲ್ಲ ಅಂದ ಮೇಲೆ ಗೋಡೆ ಯಾಕೆ ಬೇಕು, ಗಾಜೇ ಹಾಕು! ದೊಡ್ಡ ದೊಡ್ಡ ಪ್ಲೇಟ್ ಗ್ಲಾಸು, ಮಧ್ಯ ಮಧ್ಯ ಬಿಳಿ ಗ್ಲೇಜ್ ಕೊಟ್ಟ ಟೆರಾಕೋಟಾ, ಅಂದ್ರೆ ಸುಟ್ಟ ಜೇಡಿಮಣ್ಣಿನ ಬಿಲ್ಲೆ, ಪಿಂಗಾಣಿ ತಟ್ಟೆ ಥರ ನುಣುಪು. ಕಲ್ಲಿದ್ದಲ ಹೊಗೆಯಲ್ಲಿ ಊರೆಲ್ಲ ಕಪ್ಪಗಿದ್ದ ಕಾಲ ಅದು, ಬಿಳಿ ಬಣ್ಣ ಆರಿಸೋಕೆ ಧೈರ್ಯ ಬೇಕು. ಮಳೆ ಬಂದ್ರೆ ತಾನೇ ತೊಳ್ಕೊಳ್ಳುತ್ತೆ ಅಂತ ಆಸೆ. ಡಾಕ್ಟ್ರುಗಳಿಗೂ ಇದೇ ಬೇಕಾಗಿತ್ತು, ಒಂದು ಕ್ಲೀನಾಗಿ ಕಾಣ್ಬೇಕು, ಇನ್ನೊಂದು ಬೆಳಕು. ಆಗಿನ ಬಲ್ಬಿನ ಬೆಳಕಲ್ಲಿ ಹಲ್ಲು ಕೀಳೋಕಾಗುತ್ತಾ? ಬಾಯೊಳಗೆ ಬೆಳಕು ಬೀಳ್ಬೇಕಂದ್ರೆ ಕಿಟಕಿ ಪಕ್ಕದಲ್ಲೇ ಕುರ್ಚಿ ಹಾಕ್ಬೇಕು. ಇಲ್ಲಿನ ಹಳೇ ಗ್ಯಾಂಗ್‌ಸ್ಟರ್ ಆಲ್ ಕಪೋನ್‌ನ ಡೆಂಟಿಸ್ಟ್ ಕೂಡ ಇಲ್ಲೇ ಇದ್ದ ಅಂತ ಒಂದು ಕತೆ ಓಡಾಡುತ್ತೆ, ಶಿಕಾಗೋದ ಅರ್ಧ ಬಿಲ್ಡಿಂಗ್‌ಗಳಿಗೆ ಕಪೋನ್ ಕತೆ ಒಂದು ಇದ್ದೇ ಇರುತ್ತೆ ಬಿಡಿ.

ಆಟ್‌ವುಡ್ ಕೂಡ ಅದೇ 1895ರ ಡಿಸೆಂಬರ್‌ನಲ್ಲಿ ಹೋಗಿಬಿಟ್ಟ. ಹೇಲ್ 1898ರಲ್ಲಿ. ಹೇಲ್ ಬಗ್ಗೆ ಇನ್ನೊಂದು ಮಾತು, ಸಬ್ಜೆಕ್ಟ್ ಬಿಟ್ಟು ಹೋಗ್ತೀನಿ ಒಂದು ನಿಮಿಷ. ಅವನ ಮಗ ಜಾರ್ಜ್ ಎಲ್ಲರಿ ಹೇಲ್, ದೊಡ್ಡ ಖಗೋಳ ವಿಜ್ಞಾನಿ. ಈ ಬಿಲ್ಡಿಂಗ್ ಎದ್ದ ಹೊತ್ತಲ್ಲೇ ಅಪ್ಪ ಮಗನಿಗೆ 60 ಇಂಚಿನ ಟೆಲಿಸ್ಕೋಪ್ ಕನ್ನಡಿಗೆ ಗಾಜಿನ ಬಿಲ್ಲೆ ಕೊಡಿಸಿದ. ಅದು 1908ರಲ್ಲಿ ಮೌಂಟ್ ವಿಲ್ಸನ್ ಮೇಲೆ ನಕ್ಷತ್ರ ನೋಡೋಕೆ ಶುರು ಮಾಡಿದಾಗ ಅಪ್ಪ ಇರಲಿಲ್ಲ. ಲಿಫ್ಟ್ ದುಡ್ಡು ಎಲ್ಲಿವರೆಗೂ ಹೋಯ್ತು ನೋಡಿ.

ಆಮೇಲಿನ ಐವತ್ತು ಅರವತ್ತು ವರ್ಷದ್ದು ಬೇಗ ಹೇಳ್ತೀನಿ, ಹೇಳೋಕೂ ಬೇಜಾರು. ತುದಿಯ ಕಾರ್ನಿಸ್, ಅಂದ್ರೆ ಮೇಲ್ಗಡೆ ಸುತ್ತಲೂ ಹೊರಗೆ ಚಾಚಿರೋ ಅಂಚು, 1940ರ ದಶಕದಲ್ಲಿ ಕಿತ್ತು ಹಾಕಿದ್ರು. ಬಿಳಿ ಮೈಗೆ ಮಸಿ ಹಿಡೀತು. ದೊಡ್ಡ ದೊಡ್ಡ ಆಫೀಸ್ ಹಾಲ್ ಕೇಳೋ ಕಂಪನಿಗಳಿಗೆ ಈ ಸಣ್ಣ ಸಣ್ಣ ರೂಮುಗಳು ಯಾವುದಕ್ಕೂ ಬೇಡ. ಡಾಕ್ಟ್ರು ಹೋದ್ರು, ಕೆಳಗೆ ಚಿಲ್ಲರೆ ಅಂಗಡಿಗಳು, ಮೇಲೆ ಖಾಲಿ. 1976ರಲ್ಲಿ ನ್ಯಾಷನಲ್ ಹಿಸ್ಟಾರಿಕ್ ಲ್ಯಾಂಡ್‌ಮಾರ್ಕ್ ಅಂತ ಬಿರುದು ಕೊಟ್ರು, ಬಿರುದಿನಿಂದ ಸೋರೋದು ನಿಲ್ಲುತ್ತಾ? ಎದುರು ಬೀದಿಯ ಹೆಚ್ಚುಕಡಿಮೆ ಇಡೀ ಬ್ಲಾಕನ್ನ, ಬ್ಲಾಕ್ 37 ಅಂತಾರೆ, 1989ರಲ್ಲಿ ಒಡೆದು ಹಾಕಿದ್ರು, ಆಮೇಲೆ ಹದಿನೈದು ವರ್ಷಕ್ಕೂ ಜಾಸ್ತಿ ಅದು ಖಾಲಿ ಮೈದಾನ. ರಿಲಯನ್ಸ್‌ಗೂ ಅದೇ ಗತಿ ಬರ್ತಿತ್ತೇನೋ, 1994ರಲ್ಲಿ ಸಿಟಿಯವರೇ ತಗೊಂಡ್ರು. ಮೊದಲು ಹೊರಗಿನ ಮೈ ರಿಪೇರಿ, ಟೆರಾಕೋಟಾ ತುಂಡುಗಳನ್ನ ಒಂದೊಂದಾಗಿ ಚೆಕ್ ಮಾಡಿ, ಕೆಟ್ಟಿದ್ದನ್ನ ಹೊಸದಾಗಿ ಮಾಡಿಸಿ, ಕಾರ್ನಿಸ್ ವಾಪಸ್ ಕೂರಿಸಿದ್ರು. 1999ರಲ್ಲಿ ಹೋಟೆಲ್ ಬರ್ನಮ್ ಅಂತ ಓಪನ್ ಆಯ್ತು, 122 ರೂಮು.

ಇಲ್ಲಿ ನನಗೆ ಖುಷಿ ಕೊಡೋ ವಿಷಯ ಏನಂದ್ರೆ, ಆಫೀಸಿಗೆ ಬೇಡವಾಗಿದ್ದ ಆ ಸಣ್ಣ ರೂಮು, ರೂಮಿಗೊಂದು ದೊಡ್ಡ ಕಿಟಕಿ, ಹೋಟೆಲಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಸರಿಹೋಯ್ತು. ಡೆಂಟಿಸ್ಟ್ ಕುರ್ಚಿ ಇದ್ದ ಜಾಗದಲ್ಲಿ ಮಂಚ. ಹೆಸರಿನ ವಿಷಯದಲ್ಲಿ ಮಾತ್ರ ನನ್ನದೊಂದು ತಕರಾರು ಇದೆ. ಬೋರ್ಡ್ ಮೇಲೆ ಬಂದಿದ್ದು ಬರ್ನಮ್, ಕೆಳಗಿನ ರೆಸ್ಟೋರೆಂಟ್‌ಗೆ ಆಟ್‌ವುಡ್, ಪಾಯ ಹಾಕಿದ ರೂಟ್ ಪಾಲಿಗೆ ಪಾಯವೇ ಗತಿ. ಈಗ ಆ ಹೆಸರೂ ಇಲ್ಲ, ಕೈ ಬದಲಾಗಿ ಅನಾನಸ್ ಹೆಸರಿನ ಹೋಟೆಲ್ ಕಂಪನಿ ನಡೆಸ್ತಿದೆ.

ಅಮ್ಮ ಇಂಡಿಯಾದಿಂದ ಬಂದಾಗ ಒಂದು ರಾತ್ರಿ ಅಲ್ಲಿ ಉಳಿಸಿದ್ದೆ. ಲಿಫ್ಟ್ ಇಳಿದ್ರೆ ಕಾರಿಡಾರ್ ಉದ್ದಕ್ಕೂ ಅಮೃತಶಿಲೆ, ಕಾಲಡಿ ಚಿಕ್ಕ ಚಿಕ್ಕ ಬಿಲ್ಲೆಯ ಮೊಸಾಯಿಕ್ ನೆಲ, ಹೋಟೆಲ್ ರೂಮಿನ ಬಾಗಿಲಲ್ಲಿ ಯಾರಾದ್ರೂ ಗಾಜು ಇಡ್ತಾರಾ, ಇಲ್ಲಿ ಅರ್ಧ ಬಾಗಿಲು ಮಸುಕು ಗಾಜು, ಅದರ ಮೇಲೆ ಬಣ್ಣದಲ್ಲಿ ಬರೆದ ನಂಬರ್. ಅಮ್ಮ ಗಾಜಿನ ಮೇಲೆ ಬೆರಳಾಡಿಸಿ, "ಏನೋ ಇದು, ಡಾಕ್ಟರ್ ಶಾಪ್ ಇದ್ದಂಗೈತಲ್ಲೋ" ಅಂದ್ರು. ನಾನು ಅವರಿಗೆ ಈ ಕತೆ ಒಂದು ಅಕ್ಷರನೂ ಹೇಳಿರಲಿಲ್ಲ!

ಬೆಳಿಗ್ಗೆ ಅಮ್ಮ ಕಿಟಕಿ ಪಕ್ಕ ಕೂತು ಕನ್ನಡಕ ಇಲ್ಲದೇನೇ ಸೂಜಿಗೆ ದಾರ ಪೋಣಿಸಿದ್ರು. ನಾನು ಬ್ಯಾಗ್ ತುಂಬ್ತಾ "ಅಮ್ಮಾ, ಹನ್ನೊಂದಕ್ಕೆ ಖಾಲಿ ಮಾಡ್ಬೇಕು" ಅಂದೆ. "ಇರೋ, ಇಷ್ಟು ಬೆಳಕಿದೆ, ಈ ಗುಂಡಿ ಹಾಕ್ಬಿಟ್ಟು ಬರ್ತೀನಿ" ಅಂದ್ರು.

ನೋಡ್ಬೇಕು ಅನ್ನೋರು ವಾಶಿಂಗ್ಟನ್ ವಾಬಾಶ್ ಸ್ಟೇಷನ್‌ನಲ್ಲಿ ಇಳಿದು ಒಂದು ಬ್ಲಾಕ್ ನಡೀರಿ. ಮೊದಲು ಎದುರು ಫುಟ್‌ಪಾತ್‌ನಲ್ಲಿ ನಿಂತು ಕೆಳಗಿನ ಮಹಡಿ, ಮೇಲಿನ ಮಹಡಿ ಬೇರೆ ಬೇರೆ ಕೈದು ಅಂತ ಗೊತ್ತಾಗುತ್ತಾ ನೋಡಿ. ಪ್ರಶ್ನೆ ಇದ್ರೆ ಈಗ ಕೇಳಿ, ಅಡುಗೆಯವರು ಬಿಸಿಬೇಳೆ ಬಾತ್ ತಣ್ಣಗಾಗ್ತಿದೆ ಅಂತ ಆಗಲೇ ಎರಡು ಸಲ ಕೈ ಮಾಡಿದ್ರು.