ಚೆಕ್ಕು ಕೊಟ್ಟರೆ ಮುಗೀತಾ?

(ಬಾಗಲಕೋಟೆಯ ನವನಗರದಲ್ಲಿ ಹಿರೋಷಿಮಾ ದಿನದಂದು ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಪರಿಹಾರ ಅಂದರೆ ಏನು ಅಂತ ಮುಳುಗಡೆ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಲಮಟ್ಟಿ ಹಿನ್ನೀರಿಗೆ ಹೊಲ ಹೋಯಿತು, ಮನೆ ಹೋಯಿತು. ಎಕರೆ ಅಳೆದರು, ದರ ಕಟ್ಟಿದರು, ಚೆಕ್ಕು ಕೊಟ್ಟರು. ನಮ್ಮ ಮನೆಗೆ ಬಂದ ದುಡ್ಡು ಅಕ್ಕನ ಮದುವೆಗೆ, ಹಳೇ ಸಾಲಕ್ಕೆ ಅಂತ ಎರಡೇ ವರ್ಷದಲ್ಲಿ ಕರಗಿತು. ಆದರೂ ಮುಳುಗಿದ ಹೊಲ ಕಣ್ಣಿಗೆ ಕಾಣುತ್ತದೆ. ಎಷ್ಟು ಹೋಯಿತು ಅಂತ ಅವತ್ತೇ ಲೆಕ್ಕ ಹಾಕಬಹುದು. ವಿಕಿರಣ ಬಿದ್ದ ಊರಿನಲ್ಲಿ ಆ ಲೆಕ್ಕ ಅವತ್ತು ಸಿಗುವುದಿಲ್ಲ.

ಪೆಸಿಫಿಕ್ ಸಾಗರದಲ್ಲಿ ಮಾರ್ಷಲ್ ದ್ವೀಪಗಳಿವೆ. 1946ರಿಂದ 1958ರ ತನಕ ಅಮೆರಿಕ ಅಲ್ಲಿ 67 ಅಣುಬಾಂಬು ಪರೀಕ್ಷೆ ಮಾಡಿತು. 1954ರ ಮಾರ್ಚ್ 1ರಂದು ಅಲ್ಲಿನ ಬಿಕಿನಿ ದ್ವೀಪದಲ್ಲಿ ಸಿಡಿಸಿದ್ದು 15 ಮೆಗಾಟನ್‌ನದು, ಹಿರೋಷಿಮಾದ ಬಾಂಬಿಗಿಂತ ಸುಮಾರು ಸಾವಿರ ಪಟ್ಟು ದೊಡ್ಡದು. ಕೆಲವೇ ಗಂಟೆಗಳಲ್ಲಿ ಪಕ್ಕದ ರಾಂಗೆಲಾಪ್ ದ್ವೀಪದ ಮೇಲೆ ಬಿಳಿ ಬೂದಿ ಸುರಿಯಿತು. ಮಕ್ಕಳು ಅದರಲ್ಲಿ ಆಡಿದರು. ಜನರನ್ನು ಹಡಗು ಹತ್ತಿಸಿದ್ದು ಎರಡು ದಿನ ಕಳೆದ ಮೇಲೆ. 1957ರಲ್ಲಿ, ಇನ್ನು ಭಯವಿಲ್ಲ ಅಂತ ಹೇಳಿ ವಾಪಸ್ ಕಳಿಸಿದರು.

ಅವರ ಕತ್ತಿನ ಥೈರಾಯ್ಡ್ ಗ್ರಂಥಿಯಲ್ಲಿ ಮೊದಲ ಗಂಟು ಕಂಡದ್ದು 1963ರಲ್ಲಿ. ಒಂಬತ್ತು ವರ್ಷದ ಮೇಲೆ! ಬೂದಿಯಲ್ಲಿದ್ದ ವಿಕಿರಣದ ಅಯೋಡಿನ್ ಎಂಟು ದಿನಕ್ಕೆ ಅರ್ಧವಾಗುತ್ತದೆ, ಕೆಲವು ತಿಂಗಳಲ್ಲಿ ಇಲ್ಲವಾಗುತ್ತದೆ. ಆದರೆ ಉಪ್ಪಿನ ಅಯೋಡಿನ್ ಯಾವುದು, ಬಾಂಬಿನದು ಯಾವುದು ಅಂತ ಥೈರಾಯ್ಡ್‌ಗೆ ಗೊತ್ತಾಗಲ್ಲ. ಎರಡನ್ನೂ ಹೀರಿಕೊಳ್ಳುತ್ತದೆ. ಮಕ್ಕಳಲ್ಲಿ ಆ ಗ್ರಂಥಿ ಪುಟ್ಟದು, ಹಾಗಾಗಿ ಪೆಟ್ಟು ಜಾಸ್ತಿ. ಈಗ ಯೋಚಿಸಿ. 1955ರಲ್ಲೇ ಆ ತಾಯಂದಿರಿಗೆ ಚೆಕ್ಕು ಕೊಟ್ಟು, ಇನ್ನೇನೂ ಕೇಳುವುದಿಲ್ಲ ಅಂತ ಸಹಿ ಹಾಕಿಸಿಕೊಂಡಿದ್ದರೆ?

ಅದಕ್ಕೇ ವರ್ಷಗಟ್ಟಲೆ ತಪಾಸಣೆ ನಡೆಯುತ್ತಲೇ ಇರಬೇಕು. ಹಾಗಂತ ತಪಾಸಣೆ ಒಂದೇ ಸಾಕಾ? ಅದೂ ಅಲ್ಲ. ರಾಂಗೆಲಾಪ್‌ಗೆ ವರ್ಷಾ ವರ್ಷಾ ಡಾಕ್ಟರು ಬಂದರು, ರಕ್ತ ತೆಗೆದುಕೊಂಡು ಹೋದರು. ನಮ್ಮನ್ನು ಪ್ರಯೋಗದ ಪ್ರಾಣಿಗಳ ಹಾಗೆ ನೋಡಿದರು ಅಂತ ಅಲ್ಲಿನ ಜನ ಇವತ್ತಿಗೂ ನೋಯುತ್ತಾರೆ. ಹಿರೋಷಿಮಾದಲ್ಲೂ 1947ರಲ್ಲಿ ಬಂದ ಅಮೆರಿಕದ ಆಯೋಗ ದೇಹ ನೋಡಿತು, ಔಷಧಿ ಕೊಡಲಿಲ್ಲ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ತಪಾಸಣೆ ರೋಗಿಗಾಗಿ ಇರಬೇಕು ಅಲ್ವಾ? ಜಪಾನ್ 1957ರಲ್ಲಿ ಕಾನೂನು ತಂದು ಸಂತ್ರಸ್ತರಿಗೆ ಆರೋಗ್ಯ ಪುಸ್ತಿಕೆ ಕೊಟ್ಟಿತು. ಅದಿದ್ದರೆ ತಪಾಸಣೆಗೆ ದುಡ್ಡು ಕೊಡಬೇಕಾಗಿಲ್ಲ.

ಮಾರ್ಷಲ್ ದ್ವೀಪಗಳಲ್ಲಿ 1988ರಲ್ಲಿ ಪರಿಹಾರದ ನ್ಯಾಯಮಂಡಳಿ ಬಂತು. ಅದರ ಒಂದು ನಿಯಮ ನನಗೆ ಬಹಳ ಇಷ್ಟ. ಕಾಯಿಲೆಗಳ ಪಟ್ಟಿ ಇತ್ತು. ಪರೀಕ್ಷೆ ನಡೆದ ಕಾಲದಲ್ಲಿ ನೀವು ಅಲ್ಲಿದ್ದು, ಪಟ್ಟಿಯಲ್ಲಿರುವ ಕಾಯಿಲೆ ಬಂದರೆ ಸಾಕು. ಬಾಂಬಿನಿಂದಲೇ ಬಂತು ಅಂತ ಬಡ ರೋಗಿ ಸಾಬೀತು ಮಾಡಬೇಕಾಗಿರಲಿಲ್ಲ. ಆದರೆ ನಿಧಿ ಇದ್ದದ್ದು 15 ಕೋಟಿ ಡಾಲರ್. ಮಂಜೂರಾದ ಪರಿಹಾರ 200 ಕೋಟಿ ಡಾಲರ್ ದಾಟಿತು. ನಿಧಿ ಬರಿದಾಯಿತು, ಬಹುಪಾಲು ಪರಿಹಾರ ಕಾಗದದಲ್ಲೇ ಉಳಿಯಿತು.

ಅದಕ್ಕೇ ನಾನು ಕೇಳುವುದು ಇಷ್ಟು. ನಿಧಿ ತೀರಿದರೆ ಮತ್ತೆ ತುಂಬಬೇಕು. ವಿಕಿರಣ ತಗುಲಿದ ಪ್ರತಿಯೊಬ್ಬರಿಗೂ ತಪಾಸಣೆಯ ಒಂದು ಕಾರ್ಡು ಇರಬೇಕು, ಅವತ್ತು ಹೊಟ್ಟೆಯಲ್ಲಿದ್ದ ಕೂಸಿಗೂ. ತಪಾಸಣೆಯಲ್ಲಿ ರೋಗ ಕಂಡರೆ ಹಳೆಯ ಫೈಲು ತಾನಾಗಿ ತೆರೆಯಬೇಕು.

ಹಿರೋಷಿಮಾದಲ್ಲಿ ಬಾಂಬಿನ ನಂತರ ವಿಕಿರಣದ ಬೂದಿ ಬೆರೆತ ಕಪ್ಪು ಮಳೆ ಬಿತ್ತು. ಅದರಲ್ಲಿ ನೆನೆದು, ಕೋರ್ಟಿಗೆ ಹೋಗಿದ್ದ 84 ಜನರಿಗೂ ಆ ಆರೋಗ್ಯ ಪುಸ್ತಿಕೆ ಕೊಡಿ ಅಂತ ಅಲ್ಲಿನ ಹೈಕೋರ್ಟ್ ಹೇಳಿದ್ದು 2021ರಲ್ಲಿ, 76 ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಅವರಲ್ಲಿ ಕೆಲವರು ತೀರಿಹೋಗಿದ್ದರು.